ಡರ್ಬನ್ನಿನಲ್ಲಿ ದೀಪಾವಳಿ, ಆರೂವರೆ

ಮಾಲ್ವಾ ಪುಡಿಂಗ್ ಅರ್ಧ ಬೆಂದಿತ್ತು,
ಓವನ್ನಿನ ಕೆಂಪು ಕಣ್ಣು ಮುಚ್ಚಿಕೊಂಡಿತು.
ಏಳಕ್ಕೆ ಅಂದಿದ್ದರು; ಈಗಲೇ ತೆಗೆದರು ಕರೆಂಟು.
ಹಣತೆಗಳಿಗೇನು, ಅನುಕೂಲವೇ ಆಯಿತು.

ರುಕ್ಮೊನಿ ಅತ್ತೆ ಬೈಯಲಿಲ್ಲ.
ಹಸಿ ನಡುಭಾಗವನ್ನು ಚಮಚದಲ್ಲಿ ಬಗೆದು,
ಹಾಲಿನಪುಡಿ ಉದುರಿಸಿ, ಉಂಡೆ ಕಟ್ಟಿ,
ಗ್ಯಾಸಿನ ಮೇಲೆ ಕಾದ ಎಣ್ಣೆಗೆ ಬಿಟ್ಟಳು.
ಪಾಕಕ್ಕೆ ಏಲಕ್ಕಿ, ಆಮೇಲೆ
ಬಾಟಲಿಯ ತಳದಲ್ಲುಳಿದ ಏಪ್ರಿಕಾಟ್ ಜಾಮ್.
‘ಸಾಕು ಸಕ್ಕರೆ’ ಅಂದೆ.
‘ಕಬ್ಬು ಕಡಿಯಲೆಂದೇ ಹಡಗು ಹತ್ತಿಸಿದರು ನಮ್ಮ ಮುತ್ತಜ್ಜಿಯನ್ನು.
ಅವಳ ಪಾಲು ಇನ್ನೂ ಬಂದಿಲ್ಲ’
ಅಂದವಳೇ ಮತ್ತೊಂದು ಹಿಡಿ ಸುರಿದಳು.

ಪಕ್ಕದ ಮನೆಯ ಥಾಂಡೇಕಾ ಟಾರ್ಚ್ ಹಿಡಿದು ಬಂದಳು,
ಬೆರಳಿಗಂಟಿದ ಪಾಕ ನೆಕ್ಕುತ್ತ ಕೇಳಿದಳು: ‘ಏನಿದರ ಹೆಸರು?’
ಅತ್ತೆ ಯೋಚಿಸಿದಳು.
ಅಷ್ಟರಲ್ಲಿ ಬಟ್ಟಲು ಖಾಲಿ.

ಒಂಬತ್ತಕ್ಕೆ ಕರೆಂಟು ಬಂತು.
ಯಾರೂ ಕೇಳದಿದ್ದರೂ ಓವನ್ನು
ಬರೀ ಗಾಳಿಯನ್ನು ಬೇಯಿಸತೊಡಗಿತು.