ಕಟ್ಟದೆ ಬಿಟ್ಟ ಗೋಡಿ

ಆಳಂದ ರಸ್ತೆದಾಗ ಆರು ಮನಿಯವರು ಕೂಡಿ
ಒಂದಽ ಪ್ಲಾಟು ಹಿಡಿದಿವಿ.
ನಡುವ ಗೋಡಿ ಬ್ಯಾಡ ಅಂದ್ರು. ನಾ ಬೇಕಂದೆ.
ಐದು ಕೈ ಎದ್ದವು. ನಂದು ಸೆರಗಿನಾಗಽ ಉಳೀತು.

ಗೋಡಿ ರೊಕ್ಕದಾಗ ಶಹಾಬಾದ ಪರಸಿ ಬಂತು,
ಅಂಗಳಕ್ಕೆಲ್ಲ ಒಂದಽ ಹಾಸು.
ಯಾರ ಚಪ್ಪಲಿ ಯಾರ ಹೊಸ್ತಿಲ ಮುಂದೋ!
ನನ್ನ ಮಗ ನೀಲಗಂಗಾನ ಮನ್ಯಾಗ ಉಂಡು ಬಂದು
ನನ್ನ ಬ್ಯಾಳಿಗಿ ಉಪ್ಪು ಕಡಿಮಿ ಅಂತಾನ.

ಮೋಟಾರಿನ ಚಾವಿಗಾಗಿ ಜಗಳಾಡಿ
ನಾನೂ ಶಹಜಾದಬಿನೂ ಹದಿನೇಳು ದಿನ ಮಾತು ಬಿಟ್ಟಿವಿ.
ಕರೆಂಟ್ ಬಿಲ್ಲಿನ ವಹಿ ಮಾತ್ರ
ಆಕಿ ಕಿಟಕಿಯಿಂದ ನನ್ನ ಕಿಟಕಿಗಿ
ಹುಡುಗೂರ ಕೈಯಾಗ ಬರ್ತಿತ್ತು, ಹೋಗ್ತಿತ್ತು.

ಹದಿನೆಂಟನೇ ಮುಂಜಾನಿ
ರೊಟ್ಟಿ ಬಡಿಯೋ ಸಪ್ಪಳ, ನಂದೂ ಹಿಡಿದು
ಐದಽ ಮನಿದು.
ಕೈ ನಿಲ್ಲಿಸಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
ತವಾ ಮ್ಯಾಲಿನ ರೊಟ್ಟಿ ಅಲ್ಲೇ ಬಿಟ್ಟು ಓಡಿದೆ.

ಕೌದಿಯೊಳಗ ನಡುಗಲಾಕತ್ತಿದ್ಲು.
ಹಣಿ ಮುಟ್ಟಿದೆ, ಜ್ವಾಳದ ಹಿಟ್ಟು ಅಂಟಿತು.
ಕಣ್ಣು ತೆರೀದಽ ಅಂದ್ಲು:
ಚಾವಿ ದಿಂಬಿನ ಕೆಳಗ ಅದ.
ಮೊದಲ ನಿನ್ನ ಟಾಕಿ ತುಂಬಿಸ್ಕೋ ಹೋಗು,
ರೊಟ್ಟಿ ಹೊತ್ತಿದ ವಾಸನಿ ಬರಲಾಕತ್ತದ.