ಸಬ್ಖಾದಲ್ಲಿ ಅಂಗೈಯಗಲ

ರುವೈಸ್ ದಾಟಿ, ಟಾರು ಮುಗಿದಲ್ಲಿ
ಟಯರಿನ ಗಾಳಿ ಅರ್ಧ ಇಳಿಸಿದೆ.
ಮುಂದೆಲ್ಲ ಉಪ್ಪು,
ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುವ ನೆಲ.

ಡಾಕ್ಟರ್ ಹೆಸ್ಸಾ ಮೊಣಕಾಲೂರಿ
ಅಂಗೈಯಗಲ ಒಂದು ತುಂಡು ಕೊಯ್ದೆತ್ತಿದಳು.
ಮೇಲೆ ಬಿಳಿ, ಕೆಳಗೆ ಪಾಚಿಹಸಿರು,
ಅದರಡಿ ನೇರಳೆ, ಆಮೇಲೆ
ಕೊಳೆತ ಮೊಟ್ಟೆ ನಾರುವ ಕಪ್ಪು.
"ಜೀವ ಇದೆ" ಅಂದಳು,
ಮಲಗಿದ ಮಗುವಿನ ಮೂಗಿಗೆ
ಬೆರಳು ಹಿಡಿದು ನೋಡಿದವಳ ಹಾಗೆ.

ಮಿರ್ರೀಖಿನಲ್ಲೂ ಹೀಗೇ ಉಪ್ಪಂತೆ,
ಅಡಿಯಲ್ಲಿ ಇದ್ದರೂ ಇರಬಹುದಂತೆ.
ನಾವು ಅದಕ್ಕೆ ಮಂಗಳ ಅನ್ನುತ್ತೇವೆ, ಅಂದೆ.
ರಾತ್ರಿಯಿಡೀ ಕುಣಿದು, ಬೆಳಗಾಗಿ, ವೇಷ ಕಳಚುವ ಮೊದಲು
ಹಾಡುವುದಕ್ಕೂ ಅದೇ ಹೆಸರು.
ಅವಳು ಬರೆದುಕೊಂಡಳು. ಯಾಕೋ.

ಹದಿನೇಳು ಸೀಸೆ.
ಒಂದೊಂದಕ್ಕೂ ಚೀಟಿ, ನಂಬರು, ತಾರೀಕು.
ಐಸು ಪೆಟ್ಟಿಗೆಯಲ್ಲಿ ಅವಕ್ಕೆ ಜಾಗ ಸಾಲದೆ
ನನ್ನ ಮಜ್ಜಿಗೆ ಬಾಟಲಿ ಹೊರಗೆ ಬಂತು,
ನಲವತ್ತೆಂಟು ಡಿಗ್ರಿಗೆ.
ಇರಲಿ. ಅತಿಥಿಗಳು.

ರಾತ್ರಿ, ಮುಸಫ್ಫಾದ ಕೋಣೆ.
ಬಿಸಿಲಿಗೆಂದು ಕಿಟಕಿಗೆ ಅಂಟಿಸಿದ ಬೆಳ್ಳಿಕಾಗದ
ಕತ್ತಲಾದರೂ ಹಾಗೇ ಇದೆ.
ಅಲ್ಲಿಂದ ಯಾರಾದರೂ ದುರ್ಬೀನು ಹಿಡಿದರೆ
ಇಲ್ಲೇನೂ ಇಲ್ಲ ಅಂದುಕೊಂಡು ಮುಂದೆ ಹೋದಾರು.

ಮೇಲಿನ ಮಂಚದಲ್ಲಿ ಗುಲ್ಜರೀನ್ ಫೋನಿಗೆ ಪಿಸುಗುಟ್ಟುತ್ತಾನೆ,
ನಡುವಿನವನ ಗೊರಕೆ,
ಕೆಳಗೆ ನಾನು, ಹಲ್ಲಲ್ಲಿ ಇನ್ನೂ ಉಪ್ಪಿನ ಕಿರಿಕಿರಿ.
ಆಗ ಮೂಲೆಯಲ್ಲಿ ಉದ್ಯಾವರದ ಶೀನ
ಊರಿಂದ ಬಂದ ಉಪ್ಪಿನಕಾಯಿ ಭರಣಿಯ
ಬಟ್ಟೆ ಬಿಚ್ಚಿದ.

ಇಡೀ ಕೋಣೆ ಎದ್ದು ಕೂತಿತು.