ಹಿಟ್ಟಿನ ಚೀಲದ ಮೇಲೆ ಒಂದು ಲೆಕ್ಕ

ಹಿಟ್ಟಿನ ಚೀಲದ ಬೆನ್ನ ಮೇಲೆ
ಮೇಕೆಗಳಿಗೆ ಗುರುತು ಹಚ್ಚುವ ಕೆಂಪು ಬಣ್ಣದಲ್ಲಿ ಬರೆದೆ:
ಹನ್ನೆರಡು ವೋಲ್ಟು, ನೂರು ಆಂಪಿಯರ್-ಗಂಟೆ,
ಗುಣಿಸಿದರೆ ಸಾವಿರದ ಇನ್ನೂರು. ಬ್ಯಾಟರಿ ಅರ್ಧ ಖಾಲಿ.
ತುಂಬಬೇಕಾದ್ದು 600.

ಹಲಗೆ ನೂರು ವಾಟಿನದು. ಆರು ಗಂಟೆ ಸಾಕು, ಅಂದೆ.
ಹಾಂದ್ ಚಹಾಕ್ಕೆ ಉಪ್ಪು ಹಾಕುತ್ತಿದ್ದಳು.
"ನೂರು ಅಂತ ಬರೆದವನು
ಅದನ್ನು ಮಾರಿದವನೇ ಅಲ್ಲವೇ?"

ಸರಿ. ಫೆಬ್ರವರಿಯ ಗೋಬಿಯಲ್ಲಿ
ಗಟ್ಟಿ ಬಿಸಿಲು ದಿನಕ್ಕೆ ನಾಲ್ಕೇ ಗಂಟೆ.
ತಂತಿ ತಿನ್ನುವುದು, ಒಲೆಯ ಮಸಿ ತಿನ್ನುವುದು,
ಬ್ಯಾಟರಿ ತಾನೇ ನುಂಗಿ ಸುಮ್ಮನಿರುವುದು,
ಎಲ್ಲಕ್ಕೂ ಸೇರಿಸಿ ಕಾಲು ಭಾಗ ಕಳೆದೆ.
ದಿನಕ್ಕೆ ಮುನ್ನೂರು. ಎರಡು ದಿನ.
ಬುಧವಾರ ಸಂಜೆ, ಅಂದೆ,
ಸಾಲಕ್ಕೆ ವಾಯಿದೆ ಹೇಳುವವನಂತೆ.

ಹಲಗೆಗೆ ಚಳಿ ಹಿತ,
ನೆಲದ ಹಿಮವೂ ಒಂದಿಷ್ಟು ಬೆಳಕು ಎಸೆಯುತ್ತದೆ ಅದರತ್ತ.
ಬ್ಯಾಟರಿಗೆ ಚಳಿ ಆಗದು. ಒಳಗೆ ತಂದು
ಕುರಿದೊಗಲು ಹೊದಿಸಿ, ಒಲೆಯಿಂದ ಎರಡು ಮೊಳ ದೂರ
ಎಳೆಮರಿಗಳ ಸಾಲಿನಲ್ಲಿ ಮಲಗಿಸಿದೆವು.
ಮರಿಯೊಂದು ಅದರ ಮೇಲೇ ತಲೆಯಿಟ್ಟಿತು.

ದಿನಕ್ಕೆ ಮೂರು ಸಲ ಹೊರಗೆ ಹೋಗಿ
ಹಲಗೆಯನ್ನು ಸೂರ್ಯನತ್ತ ತಿರುಗಿಸಿದೆ,
ಹಟಮಾರಿ ಕುದುರೆಯನ್ನು ದವಡೆ ಹಿಡಿದು ತಿರುಗಿಸುವ ಹಾಗೆ.

ಲೆಕ್ಕ ಬರೆದದ್ದು ಹಗಲಲ್ಲಿ.
ರಾತ್ರಿಯನ್ನು ನಾನು ಬರೆದಿರಲಿಲ್ಲ.

ಮಂಗಳವಾರ, ನಡುರಾತ್ರಿ ಕಳೆದು ಎರಡಕ್ಕೆ
ಕಿವಿ ಹರಿದ ಕಪ್ಪು ಮೇಕೆ ಹೆರಲು ಕೂತಿತು.
ಮರಿ ಅಡ್ಡ ಬಂದಿತ್ತು. ದೀಪ ಬೆಳಗಿನವರೆಗೆ ಉರಿಯಿತು.
ಬೆಳಗಾದರೆ ಪೂರೆವ್, ಒಂಟೆಯೇರಿ ಬಂದವನು
ಫೋನು ಚುಚ್ಚಿಟ್ಟು ಮೂರು ಬಟ್ಟಲು ಚಹಾ ಕುಡಿದ,
ಮಾತು ಮುಗಿಸಲೇ ಇಲ್ಲ.
ಅತಿಥಿಯನ್ನು ಎಷ್ಟು ವಾಟು ಅಂತ ಕೇಳಲಾದೀತೇ?
ಸಂಜೆಗೆ ಸೊಲೊಂಗೊ, ಶಾಲೆಯ ಹಾಸ್ಟೆಲಿನಿಂದ: ಹಲ್ಲುನೋವು.
ಅವಳಿಗೆ ನಿದ್ದೆ ಹತ್ತುವ ತನಕ
ಹಾಂದ್ ಮಾತಾಡಿದಳು,
ಹತ್ತಿದ ಮೇಲೂ ಫೋನು ಕಿವಿಗೇ ಇತ್ತು.

ಬುಧವಾರ ನೀರು ಬೆರೆಸಿದ ಹಾಲಿನಂಥ ಆಕಾಶ.
ಸೂರ್ಯನಿದ್ದ, ತೂಕವಿರಲಿಲ್ಲ.
ಪೆಟ್ಟಿಗೆಯ ಪುಟ್ಟ ಹಸಿರು ಗೆರೆ
ಅರ್ಧಕ್ಕಿಂತ ಒಂದು ಕೂದಲೆಳೆ ಮೇಲೆ.

"ಶುಕ್ರವಾರ," ಅಂದೆ.
ಯಾವ ಶುಕ್ರವಾರ ಎಂದು ಅವಳು ಕೇಳಲಿಲ್ಲ.
ರೊಟ್ಟಿಗೆ ಹಿಟ್ಟು ಸುರಿಯಲು ಚೀಲ ಎತ್ತಿ ಬಗ್ಗಿಸಿದಳು.
ನನ್ನ ಕೆಂಪು 600 ತಲೆಕೆಳಗಾಗಿ
ಸೊನ್ನೆ, ಸೊನ್ನೆ, ಒಂಬತ್ತು.

ಒಂಬತ್ತೇ ಆಗಿದ್ದರೆ
ಈ ಬಟ್ಟಲಿನ ಚಹಾ ಆರುವುದರೊಳಗೆ ತುಂಬುತ್ತಿತ್ತು.